ಎಲೆ ಉದುರೋದು ಶಿವರಾತ್ರಿ ಹತ್ರ

ಬೆಂಗಳೂರಿನ ಯಾವುದಾದರೂ ಮಗುವನ್ನು ಹಿಡಿದು ಋತುಗಳು ಎಷ್ಟು ಅಂತ ಕೇಳಿ. ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಅಂತ ನಾಲ್ಕು ಬೆರಳು ಮಡಚುತ್ತೆ. ವಿಂಟರ್ ಅಂದ್ರೆ ಕ್ಯಾರೆಟ್ ಮೂಗಿನ ಹಿಮದ ಬೊಂಬೆ. ಆಟಮ್ ಅಂದ್ರೆ ಕೆಂಪು ಮೇಪಲ್ ಎಲೆ. ಈ ಊರಲ್ಲಿ ಹಿಮ ಕಾಣೋದು ಫ್ರೀಜರ್‌ನಲ್ಲಿ ಮಾತ್ರ, ಅದೂ ಡಿಫ್ರಾಸ್ಟ್ ಮಾಡೋಕೆ ಮರೆತಾಗ. ಆದರೂ ಚಾರ್ಟ್ ಬದಲಾಗಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಎರಡನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಾಳೆ. ಎಲೆ ಯಾವ ಕಾಲದಲ್ಲಿ ಉದುರುತ್ತದೆ ಎಂಬ ಪ್ರಶ್ನೆಗೆ ಅವಳು ‘ಶಿವರಾತ್ರಿ ಹತ್ರ’ ಅಂತ ಬರೆದಿದ್ದಳು. ಕೆಂಪು ಇಂಕಿನಲ್ಲಿ ತಪ್ಪು ಗುರುತು, ಪಕ್ಕದಲ್ಲಿ ‘ಆಟಮ್’. ಯಾಕೆ ಹಾಗೆ ಬರೆದೆ ಅಂದರೆ ಅವಳ ಹತ್ತಿರ ಸಾಕ್ಷಿ ಇತ್ತು. ಸ್ಕೂಲ್ ವ್ಯಾನಿಗೆ ಕಾಯೋ ಜಾಗದಲ್ಲೊಂದು ಹೊಂಗೆ ಮರ. ಬೆಳಿಗ್ಗೆ ಸ್ವೆಟರ್ ಬೇಡ ಅನ್ನಿಸೋಕೆ ಶುರುವಾದ ದಿನಗಳಲ್ಲೇ ಅದು ಹಳದಿಯಾಗಿ ಬೋಳಾಯ್ತು, ನಿಲ್ಲೋಕೆ ನೆರಳಿಲ್ಲದ ಹಾಗಾಯ್ತು. ಆಮೇಲೆ ನೋಡ್ತಾ ನೋಡ್ತಾ ಎಣ್ಣೆ ಹಚ್ಚಿದ ಹಾಗೆ ಹೊಳೆಯೋ ತಿಳಿಹಸಿರು ಎಲೆ ಬಂತು. ‘ಮುಟ್ಟಿದ್ರೆ ಮೆತ್ತಗಿರುತ್ತೆ ಅಂಕಲ್, ಹಳೇ ಎಲೆ ಹಾಗಲ್ಲ.’

ಅಲ್ಲಾ ಸ್ವಾಮಿ, ಇದರಲ್ಲಿ ತಪ್ಪೇನಿದೆ? ಯುರೋಪಿನಲ್ಲಿ ಮರಗಳು ಎಲೆ ಕಳಚೋದು ಬರಲಿರುವ ಕೊರೆಯುವ ಚಳಿಗೆ, ಕಡಿಮೆ ಬೆಳಕಿಗೆ. ನಮ್ಮಲ್ಲಿ ಹೊಂಗೆ, ಅರಳಿ, ಮಳೆಮರ ಎಲೆ ಕಳಚೋದು ಒಣಹವೆಗೆ, ನೀರು ಉಳಿಸೋದಕ್ಕೆ. ಅಲ್ಲಿ ಎಲೆ ಉದುರುವುದಕ್ಕೂ ಚಿಗುರುವುದಕ್ಕೂ ನಡುವೆ ಇಡೀ ಚಳಿಗಾಲ ಇದೆ. ಇಲ್ಲಿ ಆ ಅಂತರ ಎಷ್ಟೋ ಸಲ ಎರಡು ವಾರವೂ ಇರೋದಿಲ್ಲ. ಒಂದೇ ರಸ್ತೆಯಲ್ಲಿ ಒಂದು ಹೊಂಗೆ ಬೋಳು, ಪಕ್ಕದ್ದು ಪೂರಾ ಹಸಿರು. ಆಟಮ್ಮೂ ಸ್ಪ್ರಿಂಗೂ ಒಂದೇ ಕಾಂಪೌಂಡಿನಲ್ಲಿ ಪಾರ್ಕಿಂಗ್ ಮಾಡಿರುತ್ತವೆ. ಎರಡನೇ ಕ್ಲಾಸಿನ ಮಗು ಇದನ್ನು ಕಣ್ಣಾರೆ ಕಂಡಿದೆ. ಕಂಡದ್ದಕ್ಕೆ ಸೊನ್ನೆ.

ಈಗ ಪಂಚಾಂಗದವರು ಖುಷಿಪಡೋದು ಬೇಡ. ಆರು ಋತುಗಳನ್ನು ಬಾಯಿಪಾಠ ಮಾಡಿಸಿದರೂ ಕಥೆ ಅದೇ. ಚೈತ್ರ ವೈಶಾಖ ವಸಂತ ಋತು ಅಂತ ಮಗು ಒಪ್ಪಿಸುತ್ತೆ. ಬೆಂಗಳೂರಿನ ಹೊಂಗೆಗಳು ಯುಗಾದಿಗೆ ಕಾಯೋದಿಲ್ಲ, ಬಹುಪಾಲು ಮಾಘ ಫಾಲ್ಗುಣದಲ್ಲೇ, ಅಂದರೆ ಪುಸ್ತಕದ ಶಿಶಿರದಲ್ಲೇ, ಚಿಗುರಿ ಮುಗಿಸಿರುತ್ತವೆ. ಇಂಗ್ಲಿಷ್ ಚಾರ್ಟ್ ತೆಗೆದು ಸಂಸ್ಕೃತದ ಚಾರ್ಟ್ ಹಾಕಿದರೆ ಗೋಡೆಯ ಬಣ್ಣ ಬದಲಾಗುತ್ತೆ ಅಷ್ಟೆ. ನಮ್ಮಜ್ಜಿಯರು ಇದಕ್ಕಿಂತ ವಾಸಿ: ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ ಅಂತಿದ್ದರು. ಅದು ಮೈಗೆ ಗೊತ್ತಾಗೋ ಮಾತು.

ತಮಾಷೆ ಏನಂದ್ರೆ, ಯಾರ ಚಾರ್ಟನ್ನು ನಾವು ಕಾಪಿ ಹೊಡೆದೆವೋ ಅವರಲ್ಲಿ ಕೆಲವರಾದರೂ ಕಿಟಕಿಯಾಚೆ ನೋಡಿದ್ದರು. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನ್ದಾರ 1736ರಲ್ಲಿ ಮೊದಲ ಹೂ, ಮೊದಲ ಎಲೆ, ಮೊದಲ ಹಕ್ಕಿಯ ಕೂಗು ಯಾವ ದಿನ ಅಂತ ಬರೆದಿಡಲು ಶುರು ಮಾಡಿದ. ಅವನ ವಂಶದವರು ಅದನ್ನು 1958ರವರೆಗೂ ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ ಸಾವಿರದ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಆದ್ದರಿಂದಲೇ 2021ರ ಮಾರ್ಚ್ 26ಕ್ಕೆ ಮರಗಳು ಪೂರ್ತಿ ಅರಳಿದಾಗ, ಇಷ್ಟು ಬೇಗ ಹಿಂದೆಂದೂ ಅರಳಿರಲಿಲ್ಲ ಅಂತ ಅಲ್ಲಿನವರು ಖಚಿತವಾಗಿ ಹೇಳಿದರು. ನಮ್ಮ ರಸ್ತೆಯ ಹೊಂಗೆ ಹತ್ತು ವರ್ಷದ ಹಿಂದೆ ಯಾವಾಗ ಚಿಗುರಿತ್ತು? ಹವಾಮಾನ ಕೆಟ್ಟೋಯ್ತು ಅಂತ ಕಾಫಿ ಬ್ರೇಕಿನಲ್ಲಿ ಭಾಷಣ ಬಿಗಿಯೋ ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇಲ್ಲ.

ನಮ್ಮ ನೋಡುವಿಕೆ ಬೇರೆ ಥರದ್ದು. ಪಿಂಕ್ ಟಬೆಬುಯಾ ಅರಳಿದ ವಾರ ಇಡೀ ಟೆಕ್ ಪಾರ್ಕ್ ರಸ್ತೆಗಿಳಿದು ಫೋಟೋ ತೆಗೆಯುತ್ತೆ. ತೆಗೀಲಿ, ಅಮೆರಿಕದ ಕಡೆಯಿಂದ ಬಂದ ಆ ಮರದ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ ಅದೇ ವಾರ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಹೊಂಗೆ ಎಲೆ ಕಾರಿನ ಮೇಲೆ ಬೀಳ್ತಿದೆ, ಕೊಂಬೆ ಕಡಿಸಿ ಅಂತ ಮೆಸೇಜ್ ಬಂದಿರುತ್ತೆ. ಅದಕ್ಕೆ ಹದಿನೇಳು ಥಂಬ್ಸ್ ಅಪ್.

ಇನ್ನು ಮಕ್ಕಳು? ಫೆಬ್ರವರಿ, ಮಾರ್ಚ್ ಅಂದ್ರೆ ರಿವಿಷನ್, ಪರೀಕ್ಷೆ. ಕೋಗಿಲೆ ಬೆಳಗಿನ ಜಾವ ಅಲಾರಮ್ಮಿಗಿಂತ ಮೊದಲೇ ಶುರು ಮಾಡುವ, ಬೇವು ಹೂವಿಗೆ ಬರುವ, ಮಾವು ಮಿಡಿ ಕಟ್ಟುವ ದಿನಗಳಲ್ಲಿ ಅವು ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ‘ಪರಿಸರ ಅಧ್ಯಯನ’ ಓದುತ್ತವೆ. ಕಿಟಕಿ ಕಡೆ ತಿರುಗಿದರೆ ‘ಪುಸ್ತಕ ನೋಡು’.

ಸಿಲಬಸ್ ನಮ್ಮ ಕೈಲಿಲ್ಲ ಅಂತೀರಿ. ಸರಿ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಗುರುತು ಹಾಕೋದು, ಅಷ್ಟೇ. ಕೇರಳದ ಶಾಲಾ ಮಕ್ಕಳು ಇದನ್ನು ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದಾರೆ. ಇದಕ್ಕೆ ಲ್ಯಾಬ್ ಬೇಡ, ಕಿಟ್ ಬೇಡ, ಸಾವಿರಾರು ರೂಪಾಯಿಯ ಕೋಡಿಂಗ್ ಕ್ಲಾಸ್ ಬೇಡ. ವಾರಕ್ಕೆ ಹತ್ತು ನಿಮಿಷ ಸಾಕು. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ವ್ಯಾನ್ ಫೀಸಿನ ಜಗಳ ಮುಗಿದ ಮೇಲೆ ಎದ್ದು ನಿಂತು ಆ ಹತ್ತು ನಿಮಿಷ ಕೇಳಿ. ಸ್ಕೂಲಿನ ಅಂಗಳದಲ್ಲಿ ಮರಾನೇ ಇಲ್ಲ ಅಂತ ಉತ್ತರ ಬಂದರೆ, ಜಗಳ ಅಲ್ಲಿಂದ ಶುರು ಮಾಡಿ.