ಸೇವಕನ ವಾಹನ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ನಮ್ಮ ಹಿರಿಯರು. ಯಾವ ವಾಹನವೇರಿ ಸುತ್ತಬೇಕೆಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕಾಲ್ನಡಿಗೆಯ ಕಾಲದಲ್ಲಿ ಆ ಪ್ರಶ್ನೆಗೆ ಎಡೆಯೂ ಇರಲಿಲ್ಲವೆನ್ನಿ. ಇಂದು ಸ್ವಯಂಸೇವಕರಾಗಿ ಪರದೇಶಕ್ಕೆ ಹೋಗುವ ತರುಣರಿಗೆ ಅದು ಮೊದಲನೆಯ ದಿನವೇ ಎದುರಾಗುತ್ತದೆ. ಸಂಸ್ಥೆಯ ಕಾರಿನಲ್ಲಿ ಓಡಾಡಬೇಕೆ, ಊರವರೊಡನೆ ಓಡಾಡಬೇಕೆ? ಎರಡನೆಯದೇ ಮೇಲೆಂಬುದು, ಕೆನ್ಯಾ ದೇಶದ ಶಾಲೆಯೊಂದರಲ್ಲಿ ಕೆಲಕಾಲ ಪಾಠ ಹೇಳಿ ಬಂದ ನನ್ನ ಮತ.

ಅಲ್ಲಿಯ ಜನಸಾಮಾನ್ಯರ ವಾಹನ ಮಟಾಟು. ಖಾಸಗಿಯವರು ನಡೆಸುವ ಬಾಡಿಗೆಯ ವ್ಯಾನು. ಸ್ವಾಹಿಲಿಯಲ್ಲಿ ‘ಟಾಟು’ ಎಂದರೆ ಮೂರು. ಹಿಂದೆ ಹತ್ತು ಸೆಂಟಿನ ಮೂರು ನಾಣ್ಯಗಳೇ ಅದರ ದರವಾಗಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ಕಾನೂನಿನ ಕಣ್ಣು ತಪ್ಪಿಸಿ ಓಡುತ್ತಿದ್ದ ಈ ವಾಹನಗಳಿಗೆ ಅಧ್ಯಕ್ಷ ಜೋಮೊ ಕೆನ್ಯಾಟಾ 1973ರಲ್ಲಿ ಮನ್ನಣೆ ಕೊಟ್ಟರು. ಮಟಾಟುವಿಗೂ ಗಡಿಯಾರಕ್ಕೂ ನಂಟಿಲ್ಲ. ಜನ ತುಂಬಿದಾಗ ಹೊರಡುವುದೇ ಅದರ ವೇಳಾಪಟ್ಟಿ.

ಕಲಿಸಲು ಹೋದವನು ಇದರೊಳಗೆ ಕಲಿಯುವವನಾಗುತ್ತಾನೆ. ದರವೆಷ್ಟು, ಇಳಿಯುವುದೆಲ್ಲಿ ಎಂಬುದನ್ನು ಪಕ್ಕದ ಅಜ್ಜಿಯನ್ನು ಕೇಳಿಯೇ ತಿಳಿಯಬೇಕು. ಹಿಂದಿನ ಸಾಲಿನವನ ಹಣ ಕೈಯಿಂದ ಕೈಗೆ ಸಾಗಿ ಕಂಡಕ್ಟರನನ್ನು ಸೇರುತ್ತದೆ. ಚಿಲ್ಲರೆ ಅದೇ ಹಾದಿಯಲ್ಲಿ ಹಿಂದಿರುಗುತ್ತದೆ. ನೆರವು ನೀಡುವೆನೆಂದು ಸಮುದ್ರ ದಾಟಿ ಬಂದವನು ಮೊದಲು ನೆರವು ಬೇಡುವುದನ್ನು ಅಭ್ಯಾಸ ಮಾಡುವುದು ಅವನ ಕೆಲಸಕ್ಕೂ ಒಳ್ಳೆಯದೇ.

ಲಾಭ ಇಷ್ಟೇ ಅಲ್ಲ. ಮಳೆ ಸುರಿದರೆ ಮಟಾಟುವಿನ ದರ ಏರಿಬಿಡುತ್ತದೆ. ಅಂಥ ಬೆಳಿಗ್ಗೆ ತರಗತಿಯಲ್ಲಿ ಹಲವು ಬೆಂಚುಗಳು ಬರಿದಾಗಿರುತ್ತಿದ್ದವು. ಕಾರಿನಲ್ಲಿ ಬಂದಿಳಿದ ಉಪಾಧ್ಯಾಯನು ಅದನ್ನು ಮಕ್ಕಳ ಸೋಮಾರಿತನವೆಂದು ತಿಳಿದಾನು. ಮಟಾಟುವಿನಲ್ಲಿ ಬಂದವನ ಕಿಸೆಗೆ ಕಾರಣ ಆಗಲೇ ಗೊತ್ತಾಗಿರುತ್ತದೆ. ಒಬ್ಬನು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯನ್ನಷ್ಟೇ ಬರೆಯುತ್ತಾನೆ. ಇನ್ನೊಬ್ಬನು ಆ ದಿನದ ಪಾಠವನ್ನು ಮರುದಿನಕ್ಕೆ ತೆಗೆದಿರಿಸುತ್ತಾನೆ.

ಅಪಾಯವಿಲ್ಲವೆ ಎಂದು ಹಿರಿಯರು ಕೇಳಬಹುದು. ಖಂಡಿತ ಇದೆ. ಮಟಾಟುಗಳ ವೇಗ, ನೂಕುನುಗ್ಗಲುಗಳು ಮಿತಿಮೀರಿದ್ದರಿಂದಲೇ ಸಾರಿಗೆ ಸಚಿವ ಜಾನ್ ಮಿಚುಕಿಯವರು 2004ರಲ್ಲಿ ಕಟ್ಟುನಿಟ್ಟಿನ ನಿಯಮಗಳನ್ನು ಜಾರಿಗೆ ತಂದರು: ಸಣ್ಣ ವ್ಯಾನಿಗೆ 14 ಮಂದಿ, ಎಲ್ಲರಿಗೂ ಸೀಟ್‌ಬೆಲ್ಟು, ಗಂಟೆಗೆ 80 ಕಿಲೋಮೀಟರು ಮೀರದಂತೆ ವೇಗನಿಯಂತ್ರಕ. ಬಾಡಿಗೆಯ ಮೋಟಾರ್ ಸೈಕಲ್ಲಾದ ಬೋಡಬೋಡದ ಅಪಾಯ ಇನ್ನೂ ಹೆಚ್ಚಿನದು. ಅದನ್ನು ಹತ್ತಕೂಡದೆಂದು ತಮ್ಮವರಿಗೆ ಕಟ್ಟಳೆ ಹಾಕಿರುವ ಸೇವಾಸಂಸ್ಥೆಗಳುಂಟು. ಅದು ವಿವೇಕದ ಮಾತೇ. ರಾತ್ರಿಯ ಪ್ರಯಾಣ ಬೇಡ, ಹೆಲ್ಮೆಟ್ಟಿಲ್ಲದ ಸವಾರಿ ಬೇಡ. ಕಿಕ್ಕಿರಿದ ವ್ಯಾನನ್ನು ಬಿಟ್ಟು ಮುಂದಿನದಕ್ಕೆ ಕಾದರೆ ನಷ್ಟವೇನೂ ಇಲ್ಲ. ಆದರೆ ಹೀಗೆ ಕಾಯುವ ಸೌಲಭ್ಯ ನಮಗಿದೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಮುಟ್ಟಬೇಕಾದ ಕೂಲಿಯವನಿಗಿಲ್ಲ ಎಂಬ ಅರಿವು ಜೊತೆಗಿರಬೇಕು. ಅಪಾಯದ ಹೆಸರಿನಲ್ಲಿ ಊರಿನ ಸಂಗವನ್ನೇ ತೊರೆದು ಗಾಜಿನ ಹಿಂದೆ ಕುಳಿತರೆ, ಎರಡು ವರ್ಷ ಕಳೆದರೂ ಆ ದೇಶ ನಮಗೆ ಪ್ರವಾಸಿಯ ಚಿತ್ರವಾಗಿಯೇ ಉಳಿಯುತ್ತದೆ.

ಹೊರಡಬೇಕೆಂದಿರುವ ವಿದ್ಯಾರ್ಥಿಮಿತ್ರರು ಸಂಸ್ಥೆಯವರನ್ನು ಭತ್ಯದ ಬಗ್ಗೆ, ವಸತಿಯ ಬಗ್ಗೆ ಧಾರಾಳವಾಗಿ ಕೇಳಲಿ. ಜೊತೆಗೆ ಇನ್ನೊಂದನ್ನೂ ಕೇಳಲಿ: ನಾನು ಪಾಠ ಹೇಳಬೇಕಾದ ಮಕ್ಕಳು ಶಾಲೆಗೆ ಹೇಗೆ ಬರುತ್ತಾರೆ? ಆ ದಾರಿಯಲ್ಲಿ ನಾನೂ ಬರಬಹುದೆ?