ದಮ್ಮಿಗೆ ಮನೆಯಲ್ಲೇ ಮಶಿನ್: ಎರಡು ಔಷಧಿ ಒಂದೇ ಅಂದುಕೊಂಡರೆ ಅಪಾಯ

ಬ್ಯಾಡಗಿ: ಮೆಣಸಿನಕಾಯಿ ಸೀಸನ್ ಶುರುವಾಯಿತೆಂದರೆ ಪೇಟೆಯ ತುಂಬ ಘಾಟು. ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ದಲಾಲಿ ಅಂಗಡಿಯವರು ಎಲ್ಲರಿಗೂ ಕೆಮ್ಮು, ಸೀನು ಮಾಮೂಲಿ. ಆದರೆ ಮೊದಲೇ ಅಸ್ತಮಾ ಇದ್ದವರಿಗೆ, ಬೀಡಿಯಿಂದಲೋ ಒಲೆಯ ಹೊಗೆಯಿಂದಲೋ ಶ್ವಾಸಕೋಶ ಸವೆದವರಿಗೆ ಇದು ಮಾಮೂಲಿ ಅಲ್ಲ. ಮೊದಲೆಲ್ಲ ದಮ್ಮು ಹತ್ತಿದರೆ ಆಸ್ಪತ್ರೆಗೆ ಹೋಗಿ 'ಗ್ಯಾಸ್' ಹಿಡಿಸಿಕೊಂಡು ಬರುತ್ತಿದ್ದರು. ಈಗ ನೆಬ್ಯುಲೈಸರ್ ಮಶಿನ್ ಮನೆಗೇ ಬಂದಿದೆ. ಸುಮಾರು ಎರಡು ಸಾವಿರ ರೂಪಾಯಿಗೆ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ.

ಮಶಿನ್ ಬಂದಿದ್ದು ತಪ್ಪಲ್ಲ. ತೊಡಕಿರುವುದು ಅದರ ಕಪ್ಪಿಗೆ ಸುರಿಯುವ ಔಷಧಿಯಲ್ಲಿ. ಜನರ ಬಾಯಲ್ಲಿ ಅದೆಲ್ಲ ಒಂದೇ 'ಗ್ಯಾಸ್'. ವಾಸ್ತವದಲ್ಲಿ ಅದು ಎರಡು ಬೇರೆ ಬೇರೆ ಕೆಲಸದ ಔಷಧಿ.

ಒಂದು ತಕ್ಷಣಕ್ಕೆ, ಇನ್ನೊಂದು ದಿನನಿತ್ಯಕ್ಕೆ

ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಇರುವ ಔಷಧಿ ಬಿಗಿದುಕೊಂಡ ಉಸಿರಿನ ನಾಳವನ್ನು ಕೆಲವೇ ನಿಮಿಷಗಳಲ್ಲಿ ಸಡಿಲ ಮಾಡುತ್ತದೆ. ಕೆಲವು ತಾಸಿನ ಮೇಲೆ ಅದರ ಪ್ರಭಾವ ಇಳಿಯುತ್ತದೆ. ಬುಡೆಸೊನೈಡ್ ಹಾಗಲ್ಲ. ಅದು ಸ್ಟೀರಾಯ್ಡ್. ನಾಳದ ಒಳಗಿನ ಬಾವನ್ನು ನಿಧಾನವಾಗಿ ಇಳಿಸುತ್ತದೆ. ಫಲ ಕಾಣಲು ಕೆಲವು ದಿನ ಬೇಕು, ಪೂರ್ತಿ ಫಲಕ್ಕೆ ವಾರಗಳೇ ಬೇಕು.

ಇಲ್ಲಿಂದಲೇ ಎರಡು ತಪ್ಪು ಹುಟ್ಟುತ್ತವೆ. ಮೊದಲನೆಯದು, ರಾತ್ರಿ ದಮ್ಮು ಹೆಚ್ಚಾದಾಗ ಮನೆಯಲ್ಲಿದ್ದ ಬುಡೆಸೊನೈಡ್ ಒಂದನ್ನೇ ಹಾಕಿ ಕಾಯುವುದು. ಅದು ಆ ಹೊತ್ತಿಗೆ ನಾಳ ತೆರೆಯುವ ಔಷಧಿಯೇ ಅಲ್ಲ. ಕಾಯುತ್ತ ಕೂತಷ್ಟೂ ಅಪಾಯ. ಎರಡನೆಯದು, 'ಈಗ ಆರಾಮ ಐತಿ' ಎಂದು ದಿನದ ಸ್ಟೀರಾಯ್ಡ್ ಬಿಟ್ಟು, ಬರೀ ತಕ್ಷಣದ ಔಷಧಿಯ ಮೇಲೆ ಜೀವನ ನೂಕುವುದು. ಒಳಗಿನ ಬಾವು ಹಾಗೇ ಉಳಿಯುತ್ತದೆ, ಮುಂದಿನ ಅಟ್ಯಾಕ್ ಇನ್ನೂ ಜೋರಾಗಿ ಬರಬಹುದು. ಹೀಗಾಗಿಯೇ ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 'ಜಿನಾ' 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ತಕ್ಷಣದ ಔಷಧಿಯ ಚಿಕಿತ್ಸೆ ಬೇಡ ಎಂದು ಹೇಳುತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎರಡನ್ನೂ ಒಂದೇ ಕಪ್ಪಿನಲ್ಲಿ ಸೇರಿಸಿ ಕೊಡುವುದುಂಟು. ಅದನ್ನು ನೋಡಿದವರಿಗೆ ಯಾವುದರಿಂದ ಉಸಿರು ಬಂತು ಎಂದು ಗೊತ್ತಾಗುವುದಿಲ್ಲ. ಗೊಂದಲಕ್ಕೆ ಇದೂ ಒಂದು ಕಾರಣ.

ಸ್ಟೀರಾಯ್ಡ್ ಎಂಬ ಹೆದರಿಕೆ

ಸ್ಟೀರಾಯ್ಡ್ ಅಂದ ಕೂಡಲೇ ಬಿಡುವವರೂ ಇದ್ದಾರೆ. ಲೆಕ್ಕ ನೋಡಿದರೆ ಹೆದರಿಕೆ ಕಡಿಮೆಯಾಗುತ್ತದೆ. ಅಟ್ಯಾಕ್ ಜೋರಾದಾಗ ನುಂಗಲು ಕೊಡುವ ಸ್ಟೀರಾಯ್ಡ್ ಮಾತ್ರೆ ದಿನಕ್ಕೆ 40 ಮಿಲಿಗ್ರಾಂವರೆಗೂ ಇರಬಹುದು. ಬುಡೆಸೊನೈಡ್ ರೆಸ್ಪ್ಯೂಲ್‌ನಲ್ಲಿ ಇರುವುದು ಅರ್ಧ ಅಥವಾ ಒಂದು ಮಿಲಿಗ್ರಾಂ, ಇನ್ಹೇಲರ್‌ನಲ್ಲಿ ಇನ್ನೂ ಕಡಿಮೆ. ದಿನದ ಈ ಸಣ್ಣ ಡೋಸ್ ತಪ್ಪಿಸಿದವರೇ ಕೊನೆಗೆ ದೊಡ್ಡ ಮಾತ್ರೆಗೆ, ಇಂಜೆಕ್ಷನ್‌ಗೆ ಬೀಳುವುದು.

ಹಾಗಂತ ತೊಂದರೆಯೇ ಇಲ್ಲ ಎಂದಲ್ಲ. ಬಾಯಲ್ಲಿ ಬಿಳಿ ಹುಣ್ಣು, ದನಿ ಕಟ್ಟುವುದು ಸಾಮಾನ್ಯ. ಔಷಧಿ ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಮಾಸ್ಕ್ ಹಾಕಿದ್ದರೆ ಮುಖ ತೊಳೆಯಬೇಕು. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ವ್ಯತ್ಯಾಸ ಕಂಡದ್ದುಂಟು. ಬೀಡಿ, ಹೊಗೆಯಿಂದ ಬರುವ ಸಿಒಪಿಡಿ ಕಾಯಿಲೆಯಲ್ಲಿ ಸ್ಟೀರಾಯ್ಡ್ ಎಲ್ಲರಿಗೂ ಬೇಕಾಗುವುದಿಲ್ಲ, ಕೆಲವರಲ್ಲಿ ನ್ಯುಮೋನಿಯಾ ಅಪಾಯ ಹೆಚ್ಚಿಸುತ್ತದೆ. ಆದ್ದರಿಂದ ಪಕ್ಕದ ಮನೆಯವರ ಔಷಧಿ ನಮ್ಮ ಮನೆಗೆ ಆಗಿಬರುವುದಿಲ್ಲ.

ಮಶಿನ್ ಎಲ್ಲರಿಗೂ ಬೇಕೆ?

ಬಹಳ ಜನ ಇನ್ಹೇಲರ್ ಅಂದರೆ ಕೊನೇ ಅಸ್ತ್ರ, ಮಶಿನ್ ಅಂದರೆ ದೊಡ್ಡ ಟ್ರೀಟ್‌ಮೆಂಟ್ ಅಂದುಕೊಂಡಿದ್ದಾರೆ. ಎರಡೂ ಸರಿಯಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಹಚ್ಚಿ ಸರಿಯಾಗಿ ಎಳೆದುಕೊಂಡರೆ ಇನ್ಹೇಲರ್‌ನಿಂದಲೂ ಔಷಧಿ ಚೆನ್ನಾಗಿಯೇ ಒಳಗೆ ಹೋಗುತ್ತದೆ. ಕರೆಂಟ್ ಬೇಡ, ಅಂಗಡಿ ಗಲ್ಲಾದಲ್ಲೂ ಇಟ್ಟುಕೊಳ್ಳಬಹುದು, ಎರಡು ನಿಮಿಷದ ಕೆಲಸ.

ಖರ್ಚಿನ ಲೆಕ್ಕವೂ ಹಾಗೇ. ದಿನಕ್ಕೆ ಎರಡು ಸಲ ಮಶಿನ್ ಹಚ್ಚಿದರೆ ತಿಂಗಳಿಗೆ 60 ರೆಸ್ಪ್ಯೂಲ್ ಬೇಕು. 200 ಪಫ್‌ನ ಒಂದು ಇನ್ಹೇಲರ್ ದಿನಕ್ಕೆ ನಾಲ್ಕು ಪಫ್‌ನಂತೆ 50 ದಿನ ಬರುತ್ತದೆ. ಇನ್ಹೇಲರ್ ಹಿಡಿಯಲಾಗದ ಸಣ್ಣ ಮಕ್ಕಳಿಗೆ, ಕೈ ನಡುಗುವ ಹಿರಿಯರಿಗೆ, ಎಳೆದುಕೊಳ್ಳುವ ಶಕ್ತಿ ಇಲ್ಲದವರಿಗೆ ಮಾತ್ರ ಮಶಿನ್ ನಿಜಕ್ಕೂ ಆಸರೆ. ಅವರೂ ಅಲ್ಟ್ರಾಸಾನಿಕ್ ಮಾದರಿ ಕೊಳ್ಳಬಾರದು, ಬುಡೆಸೊನೈಡ್‌ಗೆ ಅದು ಹೊಂದುವುದಿಲ್ಲ. ಪ್ರತಿ ಸಲ ಕಪ್ಪು, ಮಾಸ್ಕ್ ತೊಳೆದು ಒಣಗಿಸದಿದ್ದರೆ ಸೋಂಕನ್ನೇ ಒಳಗೆಳೆದುಕೊಂಡಂತೆ.

ಕೌಂಟರ್ ಮತ್ತು ಸರ್ಕಾರ

ಬುಡೆಸೊನೈಡ್ ಶೆಡ್ಯೂಲ್ ಎಚ್ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಹಳೇ ಖಾಲಿ ರೆಸ್ಪ್ಯೂಲ್ ತೋರಿಸಿ 'ಇಂಥಾದ್ದೇ ಕೊಡ್ರಿ' ಅನ್ನುವವರಿಗೆ ಕೊಟ್ಟು ಕಳಿಸುವ ರೂಢಿ ತಾಲ್ಲೂಕು ಊರುಗಳಲ್ಲಿ ಹೊಸದಲ್ಲ. ಗಿರಾಕಿ ಕೈತಪ್ಪುತ್ತಾನೆ ಎಂಬ ಚಿಂತೆ ಅಂಗಡಿಯವರದು. ಆದರೆ 'ಇದು ದಿನಾ ತಗೊಳ್ಳೋದು, ಇದು ದಮ್ಮು ಹತ್ತಿದಾಗ' ಎಂದು ಪೊಟ್ಟಣದ ಮೇಲೆ ಬರೆದುಕೊಡಲು ಖರ್ಚೇನಿಲ್ಲ.

ಇನ್ನೊಂದು ಹೊಣೆ ಸರ್ಕಾರದ್ದು. 2016ರ ಅಂದಾಜಿನಂತೆ ದೇಶದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿಒಪಿಡಿ, 3.8 ಕೋಟಿ ಜನರಿಗೆ ಅಸ್ತಮಾ ಇತ್ತು. ಬುಡೆಸೊನೈಡ್ 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಬಿಪಿ, ಶುಗರ್ ನೋಡುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಈ ಎರಡು ಕಾಯಿಲೆಗಳೂ ಸೇರಿವೆ. ಬಿಪಿ ಮಾತ್ರೆಯಂತೆ ಇನ್ಹೇಲರ್, ಸ್ಪೇಸರ್ ಕೂಡ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ಸಿಗುವಂತಾದರೆ ಬಡವರು ಸಾಲ ಮಾಡಿ ಮಶಿನ್ ಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿಯವರೆಗೆ ಮನೆಮಂದಿಗೆ ಗೊತ್ತಿರಬೇಕಾದದ್ದು ಇಷ್ಟು: ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಮಗುವಿನ ಪಕ್ಕೆಲುಬು ಒಳಗೆ ಸೆಳೆಯುವುದು, ತಕ್ಷಣದ ಔಷಧಿ ಕೊಟ್ಟರೂ ನಾಲ್ಕು ತಾಸು ನಿಲ್ಲದ ಆರಾಮ. ಇವುಗಳಲ್ಲಿ ಒಂದು ಕಂಡರೂ ಮಶಿನ್ ಮುಂದೆ ಕೂರುವ ಹೊತ್ತಲ್ಲ, 108ಕ್ಕೆ ಫೋನ್ ಮಾಡುವ ಹೊತ್ತು.