ನನ್ನ ಹತ್ತಿರ ಎಂಟು ವರ್ಷ ಇದೆ

ಮ್ಯಾಡ್ರಿಡ್‌ನಲ್ಲಿರುವ ನನ್ನ ಮೊಮ್ಮಗಳ ಹುಟ್ಟುಹಬ್ಬದ ದಿನ ನಾವೆಲ್ಲ ವಿಡಿಯೊ ಕಾಲ್‌ಗೆ ಕೂತಿದ್ದೆವು. ನಾನು, ನಮ್ಮ ಯಜಮಾನರು, ಊರಿಂದ ಬಂದಿದ್ದ ನನ್ನ ತಂಗಿ, ಪಕ್ಕದ ಮನೆಯ ಇಬ್ಬರು ಮಕ್ಕಳು. "ಈಗ ನಿನಗೆ ಎಷ್ಟು ವರ್ಷ ಪುಟ್ಟಿ?" ಅಂತ ತಂಗಿ ಕೇಳಿದಳು. ಪುಟ್ಟಿ ನೆಟ್ಟಗೆ ಕೂತು, "ಈಗ ನನ್ನ ಹತ್ತಿರ ಎಂಟು ವರ್ಷ ಇದೆ" ಅಂದಳು.

ಎಲ್ಲರೂ ನಕ್ಕುಬಿಟ್ಟೆವು. ಮೊದಲು ನಕ್ಕವಳು ನಾನೇ. "ಎಲ್ಲಿಟ್ಟಿದ್ದೀಯೇ, ಕಂಪಾಸ್ ಬಾಕ್ಸಿನಲ್ಲಾ?" ಅಂತ ಬೇರೆ ಕೇಳಿದೆ.

ಮುಂದಿನ ಭಾನುವಾರ ಅವಳ ಬಾಯಿಂದ ಬಂದದ್ದು "ಹೂಂ", "ಊಹೂಂ" ಎರಡೇ. ಅದರ ಮುಂದಿನ ವಾರ ಹೋಂವರ್ಕ್ ಇದೆ ಅಂತ ಫೋನಿಗೇ ಬರಲಿಲ್ಲ. "ಅಮ್ಮಾ, ಇಲ್ಲಿ ಎಲ್ಲರೂ ವಯಸ್ಸು ಹೇಳೋದೇ ಹಾಗೆ. ಅದನ್ನೇ ಅವಳು ಕನ್ನಡದಲ್ಲಿ ಹೇಳಿದಳು" ಎಂದಳು ಮಗಳು. ಮಕ್ಕಳು ತಪ್ಪು ಮಾತಾಡಿದರೆ ತಿದ್ದಿ, ಆದರೆ ನಗಬೇಡಿ ಎಂದು ಹೊಸ ಶಿಕ್ಷಕಿಯರಿಗೆ ವರ್ಷಗಟ್ಟಲೆ ಬುದ್ಧಿ ಹೇಳಿದವಳು ನಾನು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಾರನೆಯ ದಿನದಿಂದ ಮಗಳ ಹತ್ತಿರ ದಿನಕ್ಕೆ ಹತ್ತು ನಿಮಿಷ ಸ್ಪ್ಯಾನಿಷ್ ಪಾಠ ಶುರುಮಾಡಿದೆ. ವಯಸ್ಸಿನ ಮಾತುಗಳೇ ಮೊದಲು ಬೇಕು ಎಂದೆ.

ಸ್ಪ್ಯಾನಿಷ್‌ನಲ್ಲಿ ವಯಸ್ಸು ಕೇಳುವುದು ಹೀಗೆ: "ಕ್ವಾಂತೋಸ್ ಆಞೋಸ್ ತಿಯೆನೆಸ್?" ಅಂದರೆ, ನಿನ್ನ ಬಳಿ ಎಷ್ಟು ವರ್ಷಗಳಿವೆ? ಉತ್ತರ: "ತೆಂಗೊ ಓಚೊ ಆಞೋಸ್", ನನ್ನ ಬಳಿ ಎಂಟು ವರ್ಷಗಳಿವೆ. ತೆಂಗೊ ಅಂದರೆ ತೆಂಗಿನಕಾಯಿ ಅಲ್ಲ ಮಕ್ಕಳೇ, "ನನ್ನಲ್ಲಿ ಇದೆ" ಎಂದು. ಫ್ರೆಂಚರೂ ಇಟಲಿಯವರೂ ಹೀಗೆಯೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ನಾವೇ ಎಂಟು ಆಗಿಬಿಡುತ್ತೇವೆ. ನಮ್ಮ ಕನ್ನಡದಲ್ಲಿ ವರ್ಷ ನಮ್ಮ ಕೈಯಲ್ಲೂ ಇರುವುದಿಲ್ಲ, ನಾವೂ ವರ್ಷ ಆಗುವುದಿಲ್ಲ. "ನನಗೆ ಎಂಟು" ಎಂದರೆ ಮುಗಿಯಿತು.

ಹಿರಿಯರನ್ನು ಕೇಳುವಾಗ ಮಾತ್ರ "ತಿಯೆನೆಸ್" ಅನ್ನಬಾರದು, "ತಿಯೆನೆ ಉಸ್ತೆದ್" ಅನ್ನಬೇಕು. ನಮ್ಮ ನೀನು-ನೀವು ಇದ್ದಂತೆ ಅಲ್ಲಿ ತೂ-ಉಸ್ತೆದ್.

ವರ್ಷ ಕೈಯಲ್ಲಿರುವ ವಸ್ತುವಾದ ಮೇಲೆ ಅದನ್ನು ತೆಗೆಯಲೂಬಹುದು, ಹಾಕಲೂಬಹುದು. ವಯಸ್ಸು ಕಡಿಮೆ ಹೇಳಿಕೊಳ್ಳುವವರ ಬಗ್ಗೆ "ವರ್ಷ ತೆಗೆದುಕೊಳ್ಳುತ್ತಾರೆ" ಎನ್ನುತ್ತಾರೆ. ಬಟ್ಟೆ ಕಳಚಿದ ಹಾಗೆ ಮೈಮೇಲಿಂದ ತೆಗೆಯುವುದು. ನನ್ನ ವಯಸ್ಸನ್ನು ಊಹಿಸು ನೋಡೋಣ ಎನ್ನುವುದಕ್ಕೆ ಸ್ಪೇನಿನಲ್ಲಿ "ನನಗೆ ಎಷ್ಟು ವರ್ಷ ಹಾಕುತ್ತೀಯ?" ಎಂಬಂಥ ಮಾತಿದೆ. ನಮ್ಮ ಯಜಮಾನರಿಗೆ ಶಾಲೆಯ ದಾಖಲೆ ಒಂದು ವಯಸ್ಸು ಹಾಕಿದೆ, ಜಾತಕ ಇನ್ನೊಂದು ಹಾಕಿದೆ. ಅವರ ಕಾಲದವರಲ್ಲಿ ಬಹುಮಂದಿಯ ಕಥೆ ಇದೇ.

ನನಗೆ ಬಹಳ ಹಿಡಿಸಿದ ಪದ ಹುಟ್ಟುಹಬ್ಬದ್ದು: ಕುಂಪ್ಲೆಆಞೋಸ್. ಇದರಲ್ಲಿರುವ "ಕುಂಪ್ಲಿರ್" ಎಂಬ ಕ್ರಿಯಾಪದ ಲ್ಯಾಟಿನ್ ಭಾಷೆಯಲ್ಲಿ "ತುಂಬು" ಎಂಬ ಅರ್ಥದ ಪದದಿಂದ ಬಂದದ್ದು. ಅಲ್ಲಿಯೂ ವರ್ಷ ತುಂಬುತ್ತದೆ! ನಾವು "ಮಗುವಿಗೆ ಎಂಟು ತುಂಬಿತು" ಎನ್ನುತ್ತೇವೆ. ಅರವತ್ತಕ್ಕೆ ಷಷ್ಟಿಪೂರ್ತಿ ಮಾಡಿಕೊಳ್ಳುತ್ತೇವೆ, ಆ "ಪೂರ್ತಿ"ಯೂ ತುಂಬುವುದೇ. ಇಷ್ಟು ದೂರದ ಎರಡು ಭಾಷೆಗಳು ವರ್ಷವನ್ನು ಕೊಡದಂತೆ ಕಂಡಿವೆಯಲ್ಲ ಎಂದು ಅಡುಗೆಮನೆಯಲ್ಲಿ ಹಾಲು ಉಕ್ಕುವವರೆಗೆ ಯೋಚಿಸುತ್ತ ನಿಂತೆ.

ಇನ್ನು ದೊಡ್ಡವರಾಗುವ ವಿಷಯ. "ಮಯೋರ್" ಎಂಬ ಒಂದೇ ಪದ ಎರಡು ತುದಿಗೂ ಸಲ್ಲುತ್ತದೆ. ಶೂ ಲೇಸ್ ತಾನೇ ಕಟ್ಟಿಕೊಂಡ ಮಗುವಿಗೆ "ಈಗ ನೀನು ಮಯೋರ್" ಎಂದರೆ ಅದು ಹಿಗ್ಗುತ್ತದೆ. ಎಂಬತ್ತರ ಅಜ್ಜನನ್ನೂ ಮರ್ಯಾದೆಯಿಂದ "ಮಯೋರ್" ಎಂದೇ ಕರೆಯುತ್ತಾರೆ. ನಡುವೆ ಕಾನೂನಿನ "ಮಯೋರ್" ಇದ್ದಾನೆ: ಸ್ಪೇನಿನ 1978ರ ಸಂವಿಧಾನದ ಪ್ರಕಾರ 18 ತುಂಬಿದವರು. ಮುದುಕ ಎನ್ನಲು "ಬಿಯೆಹೊ" ಎಂಬ ಪದ ಇದೆ, ಆದರೆ ಬಸ್ಸಿನಲ್ಲಿ ಅಪರಿಚಿತರಿಗೆ ಹಾಗೆ ಹೇಳಿದರೆ ಒರಟಾಗುತ್ತದೆ. ಅರ್ಜೆಂಟೀನಾದಲ್ಲಿ ಮಾತ್ರ ಬೆಳೆದ ಮಕ್ಕಳು ಅಪ್ಪನನ್ನು "ನನ್ನ ಬಿಯೆಹೊ" ಎಂದು ಪ್ರೀತಿಯಿಂದಲೇ ಹೇಳುತ್ತಾರಂತೆ. ನಮ್ಮಲ್ಲೂ "ನಮ್ಮ ಮುದುಕ" ಎನ್ನುವಾಗ ಪ್ರೀತಿಯೋ ಬೈಗುಳವೋ ಎಂಬುದು ದನಿಯಲ್ಲೇ ಗೊತ್ತಾಗಬೇಕು.

ನನ್ನ ಓರಗೆಯವರಿಗೆ ಒಂದು ಪದ ಕೊಡುತ್ತೇನೆ, ಇಟ್ಟುಕೊಳ್ಳಿ. ಕೆಲಸದಿಂದ ನಿವೃತ್ತರಾದವರು "ಹುಬಿಲಾದೊ". ಮೂಲ ಲ್ಯಾಟಿನ್ ಪದದ ಅರ್ಥ ಸಂತೋಷದಿಂದ ಕೂಗು ಎಂದು. ಯಜಮಾನರಿಗೆ ಇದನ್ನು ಹೇಳಿದಾಗ ಅವರು ಪತ್ರಿಕೆಯಿಂದ ತಲೆ ಎತ್ತದೆ, "ಪೆನ್ಶನ್ ಬಂದ ದಿನ ಕೂಗ್ತೀನಿ" ಎಂದರು.

ಮೂರನೆಯ ಭಾನುವಾರ ಪುಟ್ಟಿಯನ್ನು ಅವಳಮ್ಮ ಬಲವಂತದಿಂದ ಕೂರಿಸಿದಳು. ಮಗು ಎತ್ತಲೋ ನೋಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, "ತೆಂಗೊ ಸೆತೆಂತಾ ಅನೋಸ್" ಎಂದೆ. ನನ್ನ ಬಳಿ ಎಪ್ಪತ್ತು ವರ್ಷಗಳಿವೆ ಎಂದು.

ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕುರ್ಚಿಯಿಂದ ಬೀಳುವ ಹಾಗೆ ನಕ್ಕಳು. ಆಗಿದ್ದೇನೆಂದರೆ, ನಾನು "ಞ" ಬದಲು "ನ" ಅಂದಿದ್ದೆ. ಹಾಗೆ ಅಂದರೆ ವರ್ಷ ಹೋಗಿ, ನಾವು ಯಾವುದರ ಮೇಲೆ ಕೂರುತ್ತೇವೋ ಆ ಭಾಗದ, ಡಾಕ್ಟರ ಹತ್ತಿರ ಮಾತ್ರ ಹೇಳುವ ಪದ ಆಗುತ್ತದೆ. ಅಂಥವು ನನ್ನ ಬಳಿ ಎಪ್ಪತ್ತು ಇವೆ ಎಂದು ಹೇಳಿದ್ದೆ!

"ನ ಅಲ್ಲ ಅಜ್ಜೀ, ನಾಲಿಗೆ ಮೇಲೆ ಒತ್ತಿ ಹೇಳು" ಎಂದು ಅವಳೇ ಪಾಠಕ್ಕೆ ಕೂತಳು. ಪೂರ್ತಿ ಕನ್ನಡದಲ್ಲಿ. ಚ ಛ ಜ ಝ ಆದ ಮೇಲೆ ಬರುವ ಅಕ್ಷರ ಅದೇ ಎಂದು ನಾನು ಹೇಳಿದೆ. ಯಾರೂ ಬಳಸದೆ ಮೂಲೆಯಲ್ಲಿ ಕೂತಿದ್ದ ನಮ್ಮ "ಞ"ಗೆ ಆ ಮನೆಯಲ್ಲಿ ದಿನವೂ ಕೆಲಸ ಇದೆ. ಪುಟ್ಟಿ ಅದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಕ್ಯಾಮೆರಾಕ್ಕೆ ಹಿಡಿದಳು. ಬಾಲ ಸ್ವಲ್ಪ ಸೊಟ್ಟ ಇತ್ತು. ನಾನು ತಿದ್ದಲು ಹೋಗಲಿಲ್ಲ.

"ಅವತ್ತು ನಾನು ನಕ್ಕಿದ್ದು ತಪ್ಪಾಯ್ತು ಕಣೇ" ಎಂದೆ. ಅವಳು ಅದಕ್ಕೇನೂ ಹೇಳಲಿಲ್ಲ. "ಹಾಗಾದ್ರೆ ಕನ್ನಡದಲ್ಲಿ ಹೇಗೆ ಹೇಳ್ಬೇಕು?" ಎಂದು ಕೇಳಿದಳು.

"ನನಗೆ ಎಂಟು ವರ್ಷ ತುಂಬಿತು ಅನ್ನಬೇಕು."

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿದಳು. "ತುಂಬಿತಾ? ಎಲ್ಲಿ ತುಂಬಿತು ಅಜ್ಜೀ, ವಾಟರ್ ಬಾಟಲಲ್ಲಾ?"